ಎಂಟರ್‌ಪ್ರೈಸ್ ಆರ್ಕಿಟೆಕ್ಚರ್: ಕೋಡ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿಯ ನಡುವೆ, ಪತ್ರಗಳಲ್ಲಿ, ಕ್ಯಾಂಟೀನಿನ ಮಾತಿನಲ್ಲಿ ಡೆವಲಪರ್ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಉದಾಹರಣೆಗೆ ನಮ್ಮ ರಾಜ್ಯದ ಜಮೀನು ದಾಖಲೆಯ ವ್ಯವಸ್ಥೆಯನ್ನು ಜಾಸ್ತಿ ಬಳಸಿದ್ದೇನೆ. ಬ್ಯಾಂಕಿನ ಒಳಗಿನ ಸಿಸ್ಟಮ್ ಹೊರಗಿನವರಿಗೆ ಕಾಣುವುದಿಲ್ಲ. ಪಹಣಿ ಎಲ್ಲರಿಗೂ ಗೊತ್ತು.

## ಶುರುವಿನ ಪ್ರಶ್ನೆಗಳು

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂದ್ರೆ ನಿಜವಾಗಿ ಏನು? ಡಬ್ಬಿ, ಬಾಣ ಇರೋ ಸ್ಲೈಡು ಬಿಟ್ಟು ಬೇರೆ ಏನಾದ್ರೂ ಇದೆಯಾ?

ಇದೆ. ಒಂದು ಸಂಸ್ಥೆಯಲ್ಲಿ ಏನೇನು ಕೆಲಸ ನಡೆಯುತ್ತದೆ, ಅದಕ್ಕೆ ಯಾವ ಸಾಫ್ಟ್‌ವೇರ್ ಇದೆ, ಮಾಹಿತಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಯಾರು ಹೊಣೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಇದು. ನೋಡಿದ ಮೇಲೆ ಯಾವುದನ್ನು ಮೊದಲು ಬದಲಿಸಬೇಕು ಎಂದು ತೀರ್ಮಾನಿಸುವುದೂ ಇದರಲ್ಲೇ ಬರುತ್ತದೆ.

ಒಬ್ಬ ರೈತ ತನ್ನ ಎರಡು ಎಕರೆಯಲ್ಲಿ ಒಂದು ಎಕರೆ ಮಾರುತ್ತಾನೆ ಅಂದುಕೊಳ್ಳಿ. ಮೊದಲು ಸರ್ವೆಯವರು ಅಳೆದು, ಮಾರುವ ಭಾಗವನ್ನು ತೋರಿಸುವ 11ಇ ನಕ್ಷೆ ಮಾಡಬೇಕು. ಅದು ಮೋಜಿಣಿ ಎಂಬ ಸಾಫ್ಟ್‌ವೇರ್‌ನಲ್ಲಿ ಆಗುತ್ತದೆ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ. ಅದು ಕಾವೇರಿ ಎಂಬ ಸಾಫ್ಟ್‌ವೇರ್‌ನಲ್ಲಿ. ನೋಂದಣಿ ಆದ ಮೇಲೆ ಅದರ ವಿವರ ಇರುವ ಜೆ ಸ್ಲಿಪ್, ಪಹಣಿ ಇರುವ ಭೂಮಿ ಸಾಫ್ಟ್‌ವೇರ್‌ಗೆ ಹೋಗಿ ಮ್ಯುಟೇಷನ್, ಅಂದರೆ ದಾಖಲೆಯಲ್ಲಿ ಒಡೆಯನ ಹೆಸರು ಬದಲಿಸುವ ಕೆಲಸ, ಶುರುವಾಗುತ್ತದೆ. ತಕರಾರಿಗೆ ಕೊಟ್ಟ ಅವಧಿ ಮುಗಿದು, ರೆವಿನ್ಯೂ ಇನ್‌ಸ್ಪೆಕ್ಟರ್ ಒಪ್ಪಿದರೆ ಪಹಣಿಯಲ್ಲಿ ಹೊಸ ಹೆಸರು ಕೂರುತ್ತದೆ.

ರೈತನಿಗೆ ಇದು ಒಂದೇ ಕೆಲಸ: ‘ಜಮೀನು ಮಾರಿದೆ’. ಒಳಗೆ ಮೂರು ಸಾಫ್ಟ್‌ವೇರ್, ಮೂರು ಕಚೇರಿ. ಮೂರೂ ತಂತಮ್ಮ ಮಟ್ಟಿಗೆ ಸರಿಯಾಗಿ ಓಡುತ್ತಿರಬಹುದು. ಆದರೆ ನಡುವಿನ ಜೆ ಸ್ಲಿಪ್ ದಾರಿ ತಪ್ಪಿದರೆ ಕೊಂಡವನು ತಾಲ್ಲೂಕು ಕಚೇರಿಗೆ ಅಲೆಯಬೇಕು. ಮೂರೂ ತಂಡದ ಬಗ್ ಪಟ್ಟಿಯಲ್ಲಿ ಆ ಅಲೆದಾಟ ಕಾಣುವುದಿಲ್ಲ. ಅದನ್ನು ಕಾಣುವುದೇ ಎಂಟರ್‌ಪ್ರೈಸ್ ಆರ್ಕಿಟೆಕ್ಟ್‌ನ ಕೆಲಸ.

ಸಾಫ್ಟ್‌ವೇರ್ ಆರ್ಕಿಟೆಕ್ಟ್, ಸೊಲ್ಯೂಷನ್ ಆರ್ಕಿಟೆಕ್ಟ್, ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಅಂತ ಮೂರು ಜನ ಯಾಕೆ?

ಮೂವರೂ ನೋಡುವ ಹರವು ಬೇರೆ. ಭೂಮಿಯ ಒಳಗೆ ಮ್ಯುಟೇಷನ್ ಮಾಡ್ಯೂಲ್ ಹೇಗಿರಬೇಕು, ಟ್ರಾನ್ಸಾಕ್ಷನ್ ಎಲ್ಲಿ ಮುಗಿಯಬೇಕು ಎಂದು ನೋಡುವವರು ಸಾಫ್ಟ್‌ವೇರ್ ಆರ್ಕಿಟೆಕ್ಟ್. ಕಾವೇರಿಯಿಂದ ಭೂಮಿಗೆ ಜೆ ಸ್ಲಿಪ್ ಕಳಿಸುವ ಯೋಜನೆಯನ್ನು ತುದಿಯಿಂದ ತುದಿಗೆ ಕಟ್ಟುವವರು ಸೊಲ್ಯೂಷನ್ ಆರ್ಕಿಟೆಕ್ಟ್. ಆಸ್ತಿ ಯಾರದ್ದು ಎಂಬ ಮಾಹಿತಿಗೆ ಇಡೀ ಸರ್ಕಾರದಲ್ಲಿ ಯಾವ ದಾಖಲೆ ಅಂತಿಮ, ಐದು ವರ್ಷದ ಮೇಲೆ ಇದರಲ್ಲಿ ಯಾವ ಸಿಸ್ಟಮ್ ಉಳಿಯಬೇಕು ಎಂದು ಕೇಳುವವರು ಮೂರನೆಯವರು. ಚಿಕ್ಕ ಕಂಪನಿಯಲ್ಲಿ ಮೂರೂ ಒಬ್ಬರೇ ಆಗಿರುತ್ತಾರೆ. ದೊಡ್ಡ ಕಂಪನಿಯಲ್ಲಿ ಹುದ್ದೆಯ ಹೆಸರು ನೋಡಿ ಮೋಸ ಹೋಗಬೇಡಿ, ಅವರು ಯಾವ ಪ್ರಶ್ನೆ ಕೇಳುತ್ತಾರೆ ಅಂತ ನೋಡಿ.

ನಾನು ಒಂದು ಮೈಕ್ರೋಸರ್ವೀಸ್ ನೋಡ್ಕೊಳ್ತೀನಿ ಅಷ್ಟೇ. ನನಗೆ ಇದರಿಂದ ಏನು ಲಾಭ?

ನಿಮ್ಮ ಸರ್ವೀಸ್‌ಗೆ ಬರುವ ಬದಲಾವಣೆಯಲ್ಲಿ ಎಷ್ಟೋ ಹೊರಗಿನಿಂದ ಬರುತ್ತದೆ. ಅದು ಬಂದ ದಿನ ಕೇಳುವ ಪ್ರಶ್ನೆ ಒಂದೇ: ‘ಎಲ್ಲೆಲ್ಲಿ ಮುಟ್ಟಬೇಕು?’

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರ ಬದಲಿಸಲು ತೀರ್ಮಾನಿಸಿತು. ಸೆಪ್ಟೆಂಬರ್ 22ರಿಂದ ಹೊಸ ದರ ಜಾರಿ. 12 ಮತ್ತು 28 ಶೇಕಡಾದಲ್ಲಿದ್ದ ಬಹುಪಾಲು ಸರಕು 5ಕ್ಕೆ ಅಥವಾ 18ಕ್ಕೆ ಇಳಿಯಿತು. ಮೂರು ವಾರವೂ ಇಲ್ಲ. ತೆರಿಗೆ ದರ ಒಂದೇ ಸರ್ವೀಸ್‌ನಲ್ಲಿ, ಜಾರಿಯ ದಿನಾಂಕದ ಜೊತೆಗೆ ಇದ್ದ ಕಡೆ ಇದು ಕೆಲವು ಸಾಲುಗಳ ಡೇಟಾ ಬದಲಾವಣೆ. ದರ ಬಿಲ್ಲಿಂಗ್‌ನಲ್ಲೊಂದು, ಇ-ಕಾಮರ್ಸ್ ಸೈಟಿನಲ್ಲೊಂದು, ಗೋದಾಮಿನ ಸಾಫ್ಟ್‌ವೇರ್‌ನಲ್ಲೊಂದು, ಯಾರೋ ಬರೆದಿಟ್ಟ ಎಕ್ಸೆಲ್ ಮ್ಯಾಕ್ರೋದಲ್ಲೊಂದು ಇದ್ದ ಕಡೆ ಮೊದಲು ಹುಡುಕಾಟವೇ ಕೆಲಸ. ದಿನಾಂಕ ಯಾಕೆ ಬೇಕು ಅಂದರೆ, 20ನೇ ತಾರೀಕು ಮಾರಿದ ವಸ್ತು 25ಕ್ಕೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೇ ದರದಲ್ಲೇ ಆಗಬೇಕು. ‘ಇವತ್ತಿನ ದರ’ ಅಂತ ಒಂದೇ ಕಾನ್‌ಸ್ಟಂಟ್ ಇಟ್ಟವರಿಗೆ ಅಲ್ಲಿ ಪೆಟ್ಟು ಬೀಳುತ್ತದೆ.

2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಹೊರಬಿದ್ದಾಗಲೂ ಇದೇ ಕಥೆ. ಸರಿಪಡಿಸುವುದು ಹೇಗೆ ಅಂತ ಬೇಗ ಗೊತ್ತಾಯಿತು, ಹೊಸ ಆವೃತ್ತಿ ಹಾಕಬೇಕಿತ್ತು. ಆ ಲೈಬ್ರರಿ ನಮ್ಮಲ್ಲಿ ಯಾವ ಯಾವ ಅಪ್ಲಿಕೇಷನ್ ಒಳಗೆ ಕೂತಿದೆ ಎಂಬ ಪಟ್ಟಿ ಇದ್ದವರು ಬೇಗ ಮಲಗಿದರು. ಇಲ್ಲದವರು ಸರ್ವರ್ ಸರ್ವರ್ ಅಲೆದರು.

ಬಿಸಿನೆಸ್, ಡೇಟಾ, ಅಪ್ಲಿಕೇಷನ್, ಟೆಕ್ನಾಲಜಿ ಅಂತ ನಾಲ್ಕು ಪದರ ಹೇಳ್ತಾರೆ. ನನ್ನ ಕೋಡ್ ಯಾವುದರಲ್ಲಿ ಬರುತ್ತೆ?

ಕೋಡ್ ಅಪ್ಲಿಕೇಷನ್ ಪದರದಲ್ಲಿ. ಆದರೆ ನಿಮ್ಮ ಬಗ್‌ಗಳು ನಾಲ್ಕರಿಂದಲೂ ಬರುತ್ತವೆ. ‘ಮ್ಯುಟೇಷನ್‌ಗೆ ತಕರಾರು ಬಂದರೆ ಯಾರು ತೀರ್ಮಾನಿಸಬೇಕು’ ಎನ್ನುವುದು ಬಿಸಿನೆಸ್. ‘ಸರ್ವೆ ನಂಬರ್, ಹಿಸ್ಸಾ ನಂಬರ್ ಹೇಗೆ ಬರೆಯಬೇಕು’ ಎನ್ನುವುದು ಡೇಟಾ. ‘ತಾಲ್ಲೂಕು ಕಚೇರಿಯಲ್ಲಿ ನೆಟ್‌ವರ್ಕ್ ಹೋದರೆ ಏನು’ ಎನ್ನುವುದು ಟೆಕ್ನಾಲಜಿ. ಒಂದು ಟಿಕೆಟ್ ತಿಂಗಳುಗಟ್ಟಲೆ ಬಗೆಹರಿಯದೆ ಕೂತಿದ್ದರೆ, ಅದು ಬೇರೆ ಪದರದ್ದಾ ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ಹೌದು. ಕೋಡ್ ತಿದ್ದಿ ಅದನ್ನು ಮುಗಿಸಲು ಆಗುವುದಿಲ್ಲ.

## ದಿನದ ಕೆಲಸದಲ್ಲಿ ಎದುರಾಗುವವು

ಕೇಪಬಿಲಿಟಿ ಮ್ಯಾಪ್ ಅಂತ ಒಂದು ತೋರಿಸ್ತಾರೆ. ಅದು ಫೀಚರ್ ಪಟ್ಟಿಯೇ ಅಲ್ವಾ?

ಅಲ್ಲ. ಸಂಸ್ಥೆಗೆ ಏನು ಮಾಡಲು ಬರಬೇಕು ಎಂಬುದು ಕೇಪಬಿಲಿಟಿ. ಹೇಗೆ ಮಾಡುತ್ತದೆ, ಯಾವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತದೆ ಎಂಬುದು ಅದರಲ್ಲಿ ಇರಬಾರದು. ‘ಜಮೀನಿನ ಒಡೆತನ ಬದಲಿಸುವುದು’ ಒಂದು ಕೇಪಬಿಲಿಟಿ. ಶಾನುಭೋಗರು ಕೈಯಲ್ಲಿ ಬರೆಯುತ್ತಿದ್ದಾಗಲೂ ಅದು ಇತ್ತು, ಭೂಮಿ ಬಂದ ಮೇಲೂ ಇದೆ. ನಾಳೆ ಭೂಮಿಯ ಜಾಗಕ್ಕೆ ಬೇರೆ ಏನಾದರೂ ಬಂದರೂ ಇರುತ್ತದೆ. ಸಾಫ್ಟ್‌ವೇರ್ ಬಂದು ಹೋಗುತ್ತದೆ, ಕೇಪಬಿಲಿಟಿ ಅಷ್ಟು ಬೇಗ ಬದಲಾಗುವುದಿಲ್ಲ. ಅದಕ್ಕೇ ಅದನ್ನು ಆಧಾರವಾಗಿ ಹಿಡಿಯುತ್ತಾರೆ.

ಡೆವಲಪರ್‌ಗೆ ಇದರ ನೇರ ಉಪಯೋಗ ಒಂದಿದೆ. ಒಂದೇ ಕೇಪಬಿಲಿಟಿಯ ಮೇಲೆ ನಾಲ್ಕು ಅಪ್ಲಿಕೇಷನ್ ಹೆಸರು ಬರೆದಿದ್ದರೆ ಅಲ್ಲಿ ಒಂದೇ ಲಾಜಿಕ್ ನಾಲ್ಕು ಸಲ ಬರೆದಿರುವ ಸಾಧ್ಯತೆ ಇದೆ. ಕಂಪನಿ ಕಂಪನಿಯನ್ನು ಕೊಂಡುಕೊಂಡ ಕಡೆ ಇದು ಸಾಮಾನ್ಯ. ಎರಡು ಸಂಬಳದ ಸಿಸ್ಟಮ್, ಮೂರು ಗ್ರಾಹಕರ ಡೇಟಾಬೇಸ್.

ನಮಗೆ ಬೇಕಾದ ಡೇಟಾ ಒಂದು ಕಾಪಿ ನಮ್ಮಲ್ಲೇ ಇಟ್ಕೊಂಡ್ರೆ ಏನು ತೊಂದರೆ? ವೇಗವಾಗಿ ಸಿಗುತ್ತೆ ಅಲ್ವಾ?

ಕಾಪಿ ಇಡುವುದು ತಪ್ಪಲ್ಲ. ಕಾಪಿಯನ್ನು ತಿದ್ದುವುದು ತಪ್ಪು. ಯಾವ ಮಾಹಿತಿಗೆ ಯಾವ ಸಿಸ್ಟಮ್ ಒಡೆಯ ಎಂದು ಮೊದಲು ತೀರ್ಮಾನವಾಗಬೇಕು. ಅದಕ್ಕೆ ಸಿಸ್ಟಮ್ ಆಫ್ ರೆಕಾರ್ಡ್ ಅಂತಾರೆ. ಉಳಿದವರು ಓದಬಹುದು, ಇಟ್ಟುಕೊಳ್ಳಬಹುದು. ತಿದ್ದಬೇಕು ಅಂದರೆ ಒಡೆಯನ ಬಾಗಿಲಿಗೇ ಹೋಗಬೇಕು.

ಈ ತೀರ್ಮಾನ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹೆಸರುಗಳೇ ಸಾಕ್ಷಿ. ಪಹಣಿಯಲ್ಲಿ ‘ಶಿವಣ್ಣ ಬಿನ್ ಕರಿಯಪ್ಪ’ ಅಂತ ಇರುತ್ತದೆ. ಆಧಾರ್‌ನಲ್ಲಿ ‘ಶಿವಣ್ಣ ಕೆ’. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಕೆ ಶಿವಣ್ಣ’. ಮನುಷ್ಯರ ಕಣ್ಣಿಗೆ ಒಬ್ಬನೇ. ಕಂಪ್ಯೂಟರ್‌ಗೆ ಮೂವರು. ಅದರ ಮೇಲೆ ಕನ್ನಡ ಲಿಪಿ, ಇಂಗ್ಲಿಷ್ ಲಿಪಿಯ ಗೊಂದಲ ಬೇರೆ. ಹಾಗಾಗಿ ಹೆಸರಿನಿಂದ ಎರಡು ಸಿಸ್ಟಮ್ ಜೋಡಿಸಬಾರದು. ಎರಡೂ ಕಡೆ ಇರುವ ಒಂದು ಗಟ್ಟಿ ಗುರುತು ಬೇಕು. ಆ ಗುರುತನ್ನು ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಜಮೀನು ಪೋಡಿಯಾಗಿ ಒಂದು ಸರ್ವೆ ನಂಬರ್ ಎರಡು ಹಿಸ್ಸಾ ಆದರೆ ಹಳೇ ಗುರುತು ಏನಾಗುತ್ತದೆ ಎಂಬುದನ್ನೂ ಬರೆದಿಡಬೇಕು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಗುರುತು ಹುಟ್ಟುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಒಡೆಯುವುದು ಮತ್ತು ಕೂಡುವುದರ ಬಗ್ಗೆ ಯೋಚಿಸುವವರು ಕಡಿಮೆ.

ಈಗ ಕಾನೂನಿನ ಕಡೆಯಿಂದಲೂ ಒತ್ತಡ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಕ್ತಿಗೆ ತನ್ನ ಮಾಹಿತಿ ತಿದ್ದಿಸುವ, ಅಳಿಸಿಸುವ ಹಕ್ಕಿದೆ. ಒಬ್ಬರು ‘ನನ್ನ ಮಾಹಿತಿ ಅಳಿಸಿ’ ಎಂದರೆ ಮುಖ್ಯ ಡೇಟಾಬೇಸ್ ಒಂದರಲ್ಲಿ ಅಳಿಸಿ ಕೈ ತೊಳೆದುಕೊಳ್ಳುವಂತಿಲ್ಲ. ವರದಿಗೆಂದು ತೆಗೆದ ಕಾಪಿ, ಟೆಸ್ಟ್ ಮಾಡಲು ತಂದಿಟ್ಟ ಕಾಪಿ, ಮಾರ್ಕೆಟಿಂಗ್‌ನವರು ತೆಗೆದುಕೊಂಡು ಹೋದ ಸಿಎಸ್‌ವಿ ಫೈಲು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ತಂಡದ ಡೇಟಾಬೇಸ್‌ಗೆ ನೇರವಾಗಿ ಕನೆಕ್ಟ್ ಆಗೋಕೆ ಯಾಕೆ ಬಿಡಲ್ಲ? ಒಂದು ಕ್ವೆರಿ ಸಾಕಲ್ವಾ?

ಇವತ್ತಿಗೆ ಸಾಕು. ಆರು ತಿಂಗಳ ಮೇಲೆ ಅವರು ಒಂದು ಕಾಲಂ ಹೆಸರು ಬದಲಿಸುತ್ತಾರೆ. ನೀವು ಓದುತ್ತಿದ್ದೀರಿ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ಅವರ ಟೆಸ್ಟ್ ಎಲ್ಲ ಪಾಸು, ನಿಮ್ಮ ಪ್ರೊಡಕ್ಷನ್ ಬಂದ್. ಎಪಿಐ ಅಥವಾ ಇವೆಂಟ್ ಮೂಲಕ ಹೋಗಿ ಅಂತ ಹೇಳುವುದು ಇದಕ್ಕೇ. ಅದು ಎರಡು ತಂಡದ ನಡುವಿನ ಲಿಖಿತ ಒಪ್ಪಂದ. ಯಾರು ಬಳಸುತ್ತಿದ್ದಾರೆ ಅಂತ ಗೊತ್ತಿರುತ್ತದೆ, ಹಳೇ ಆವೃತ್ತಿಯನ್ನು ಹೇಳಿ ಕೇಳಿ ನಿಲ್ಲಿಸಬಹುದು.

ಇನ್ನು ಲೆಕ್ಕ. ಹತ್ತು ಸಿಸ್ಟಮ್ ಒಂದಕ್ಕೊಂದು ನೇರ ಜೋಡಿಸಿದರೆ 45 ಕೊಂಡಿ. ಇಪ್ಪತ್ತಕ್ಕೆ 190. 2016ರಲ್ಲಿ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆ ಶುರು ಮಾಡಿದ ಯುಪಿಐನಲ್ಲಿ ಪ್ರತಿ ಬ್ಯಾಂಕ್ ಉಳಿದ ಎಲ್ಲ ಬ್ಯಾಂಕುಗಳ ಜೊತೆ ಬೇರೆ ಬೇರೆ ಮಾತಾಡುವುದಿಲ್ಲ. ನಡುವಿನ ಒಂದು ಸ್ವಿಚ್ ಜೊತೆ, ಎಲ್ಲರಿಗೂ ಒಂದೇ ಆದ ಮೆಸೇಜ್ ರೂಪದಲ್ಲಿ ಮಾತಾಡುತ್ತದೆ. ಹೊಸ ಬ್ಯಾಂಕ್ ಬಂದರೆ ಒಂದೇ ಹೊಸ ಕೊಂಡಿ. ಆದರೆ ನಡುವೆ ಇಟ್ಟದ್ದು ಬಿದ್ದರೆ ಎಲ್ಲರೂ ಬೀಳುತ್ತಾರೆ. ಅದರ ಮೇಲೆ ಅಷ್ಟೇ ಖರ್ಚು ಮಾಡಲು ತಯಾರಿರಬೇಕು. ಕೆಲವು ಕಂಪನಿಗಳು ನಡುವಿನ ಸ್ವಿಚ್ ಒಳಗೇ ಎಲ್ಲ ಬಿಸಿನೆಸ್ ನಿಯಮ ತುಂಬುತ್ತವೆ. ಅದು ನನಗೆ ಕೆಟ್ಟ ದಾರಿ ಅನ್ನಿಸುತ್ತದೆ. ಆಮೇಲೆ ಅದನ್ನು ಮುಟ್ಟಲು ಯಾರಿಗೂ ಧೈರ್ಯ ಇರುವುದಿಲ್ಲ.

ನಮಗೆ ಇಷ್ಟವಾದ ಡೇಟಾಬೇಸ್ ಬಳಸ್ತೀವಿ ಅಂದ್ರೆ ರಿವ್ಯೂ ಬೋರ್ಡ್‌ನವರು ಬೇಡ ಅಂತಾರೆ. ಅವರಿಗೆ ಏನು ಕಷ್ಟ?

ನೀವು ಕೆಲಸ ಬಿಟ್ಟು ಹೋದ ಮೇಲೆ ರಾತ್ರಿ ಎರಡಕ್ಕೆ ಅದನ್ನು ಎಬ್ಬಿಸುವವರು ಯಾರು ಎಂಬುದು ಅವರ ಕಷ್ಟ. ಬ್ಯಾಕಪ್, ಪ್ಯಾಚ್, ಲೈಸೆನ್ಸ್, ಕಲಿತವರು, ಸೆಕ್ಯುರಿಟಿ ತಪಾಸಣೆ ಎಲ್ಲವೂ ಪ್ರತಿ ಹೊಸ ಡೇಟಾಬೇಸ್‌ಗೂ ಒಂದೊಂದು ಸಲ ಬೇಕು.

ಹಾಗಂತ ಬೋರ್ಡ್ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ತಿಂಗಳಿಗೊಮ್ಮೆ ಸೇರಿ, ಐವತ್ತು ಪುಟದ ಟೆಂಪ್ಲೇಟ್ ಕೇಳುವ ಬೋರ್ಡ್‌ನಿಂದ ಒಂದೇ ಫಲ: ಜನ ಅದನ್ನು ತಪ್ಪಿಸಿಕೊಂಡು ಓಡಾಡುತ್ತಾರೆ. ನೀವು ಮಾಡಬಹುದಾದದ್ದು ಇಷ್ಟು. ಒಂದು ಪುಟದಲ್ಲಿ ತೀರ್ಮಾನದ ದಾಖಲೆ ಬರೆಯಿರಿ. 2011ರಲ್ಲಿ ಮೈಕೆಲ್ ನೈಗಾರ್ಡ್ ಸೂಚಿಸಿದ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ರೂಪ ಸಾಕು. ಹೆಸರು, ಸಂದರ್ಭ ಏನು, ಏನು ತೀರ್ಮಾನ, ಈಗ ಯಾವ ಹಂತದಲ್ಲಿದೆ, ಇದರಿಂದ ಮುಂದೆ ಏನೇನು ಆಗುತ್ತದೆ. ‘ಮುಂದೆ ಏನಾಗುತ್ತದೆ’ ಎಂಬಲ್ಲಿ ಕೆಟ್ಟದ್ದನ್ನೂ ಬರೆಯಿರಿ. ಈಗಿರುವ ಡೇಟಾಬೇಸ್‌ನಲ್ಲಿ ನಿಮ್ಮ ಕೆಲಸ ಯಾಕೆ ಆಗುವುದಿಲ್ಲ ಅಂತ ಅಳತೆ ಸಮೇತ ತೋರಿಸಿ. ಆ ಫೈಲು ಕೋಡ್ ಜೊತೆ ಗಿಟ್‌ನಲ್ಲೇ ಇರಲಿ. ಮೂರು ವರ್ಷದ ಮೇಲೆ ‘ಯಾವ ಪುಣ್ಯಾತ್ಮ ಇದನ್ನು ಹಾಕಿದ’ ಅಂತ ಬೈಯುವವರಿಗೆ ಉತ್ತರ ಅಲ್ಲೇ ಸಿಗುತ್ತದೆ.

ಚಿತ್ರ ಬಿಡಿಸೋಕೆ ಯಾವ ಟೂಲ್ ಒಳ್ಳೇದು?

ಯಾವುದಾದರೂ ಆಗುತ್ತದೆ. ಒಳ್ಳೆಯ ಚಿತ್ರದಲ್ಲಿ ಪ್ರತಿ ಬಾಣದ ಮೇಲೂ ಏನು ಹೋಗುತ್ತದೆ ಅಂತ ಬರೆದಿರುತ್ತದೆ, ಮೂಲೆಯಲ್ಲಿ ದಿನಾಂಕ ಇರುತ್ತದೆ. ಒಂದೇ ಚಿತ್ರದಲ್ಲಿ ಸರ್ವರ್, ಇಲಾಖೆ, ಕ್ಲಾಸ್ ಹೆಸರು ಮೂರನ್ನೂ ತುರುಕಬೇಡಿ. ದೊಡ್ಡ ಸಂಸ್ಥೆಯಲ್ಲಿ ಎಲ್ಲರಿಗೂ ಒಂದೇ ಗುರುತುಗಳು ಬೇಕಾದರೆ ಆರ್ಕಿಮೇಟ್ ಎಂಬ ಚಿತ್ರಭಾಷೆ ಇದೆ. ಡೆವಲಪರ್ ತಂಡಕ್ಕೆ ಸೈಮನ್ ಬ್ರೌನ್ ಅವರ ಸಿ4 ಎಂಬ ಚಿತ್ರ ಪದ್ಧತಿ ಸುಲಭ.

## ಸ್ವಲ್ಪ ಆಳಕ್ಕೆ

ಟೋಗಾಫ್ ಸರ್ಟಿಫಿಕೇಟ್ ಮಾಡ್ಬೇಕಾ?

ಟೋಗಾಫ್ ಅಂದರೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಮಾಡುವ ಕ್ರಮ ಹೇಳುವ ಒಂದು ಚೌಕಟ್ಟು. ಕೆಲಸದ ಜಾಹೀರಾತಿನಲ್ಲಿ ಕೇಳುತ್ತಿದ್ದರೆ ಮಾಡಿ. ಕಲಿಯಲೆಂದೇ ಆದರೆ ಮೊದಲು ನಿಮ್ಮ ಕಂಪನಿಯ ಒಂದು ವ್ಯವಹಾರವನ್ನು ಹಿಡಿದು, ಅದು ಯಾವ ಯಾವ ಸಿಸ್ಟಮ್ ದಾಟುತ್ತದೆ ಅಂತ ಪೂರ್ತಿ ಗುರುತು ಮಾಡಿ. ಆಮೇಲೆ ಟೋಗಾಫ್ ಓದಿದರೆ ಅರ್ಥ ಆಗುತ್ತದೆ. ಮೊದಲೇ ಓದಿದರೆ ಬರೀ ಪದಗಳು.

ಹಿನ್ನೆಲೆ ಬೇಕಾದವರಿಗೆ: ಈ ಶಿಸ್ತಿನ ಬೇರು ಅಂತ ಸಾಮಾನ್ಯವಾಗಿ ತೋರಿಸುವುದು 1987ರಲ್ಲಿ ಜಾನ್ ಝಾಕ್‌ಮನ್ ಐಬಿಎಂ ಪತ್ರಿಕೆಯೊಂದರಲ್ಲಿ ಬರೆದ ಲೇಖನವನ್ನು. ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಯಾಕೆ ಎಂಬ ಆರು ಪ್ರಶ್ನೆಗಳ ಚೌಕಟ್ಟು ಈಗ ಅವರ ಹೆಸರಿನಲ್ಲೇ ಇದೆ. ಟೋಗಾಫ್ 1995ರಲ್ಲಿ ಬಂತು, ಅಮೆರಿಕದ ರಕ್ಷಣಾ ಇಲಾಖೆಯ ಹಳೇ ಚೌಕಟ್ಟನ್ನು ಆಧರಿಸಿ. ಅದರ 10ನೇ ಆವೃತ್ತಿ 2022ರದ್ದು. ನಮ್ಮ ಕೇಂದ್ರ ಸರ್ಕಾರಕ್ಕೂ ಇಂಡ್‌ಇಎ ಎಂಬ ಚೌಕಟ್ಟಿದೆ. ಸರ್ಕಾರಿ ಯೋಜನೆಗೆ ಕೋಡ್ ಬರೆಯುವವರು ಅದನ್ನು ಒಮ್ಮೆ ತಿರುವಿ ಹಾಕಿದರೆ ಟೆಂಡರ್ ಪುಟಗಳ ಭಾಷೆ ಬೇಗ ಹಿಡಿಯುತ್ತದೆ.

ಟೋಗಾಫ್‌ನ ಎ ಇಂದ ಎಚ್‌ವರೆಗಿನ ಹಂತಗಳನ್ನು ಅಕ್ಷರಶಃ ಪಾಲಿಸಬೇಕಿಲ್ಲ. ನಿಮಗೆ ತಕ್ಕಂತೆ ಕತ್ತರಿಸಿಕೊಳ್ಳಿ ಅಂತ ಅದೇ ಹೇಳುತ್ತದೆ. ಕತ್ತರಿಸದೆ ಬಳಸುವವರೇ ಅದಕ್ಕೆ ಕೆಟ್ಟ ಹೆಸರು ತಂದಿದ್ದಾರೆ.

ಹಳೇ ಸಿಸ್ಟಮ್ ಪೂರ್ತಿ ಕಿತ್ತು ಹೊಸದಾಗಿ ಬರೆಯೋಣ ಅಂದ್ರೆ ಆರ್ಕಿಟೆಕ್ಟ್‌ಗಳು ಯಾಕೆ ಹೆದರ್ತಾರೆ?

ಹೆದರಲು ಕಾರಣ ಇದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ತನ್ನ ಸುಮಾರು 52 ಲಕ್ಷ ಗ್ರಾಹಕರನ್ನು ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಸಾಗಿಸಿತು. ಡೇಟಾ ಸರಿಯಾಗಿಯೇ ಬಂತು. ಹೊಸ ಪ್ಲಾಟ್‌ಫಾರ್ಮ್ ಮಾತ್ರ ಹೊರೆ ತಡೆಯಲಿಲ್ಲ. ಲಕ್ಷಗಟ್ಟಲೆ ಜನಕ್ಕೆ ತಮ್ಮ ಖಾತೆಗೆ ಲಾಗಿನ್ ಆಗಲು ಆಗಲಿಲ್ಲ. ಎಲ್ಲ ಸಮಸ್ಯೆ ತೀರಲು ಡಿಸೆಂಬರ್‌ವರೆಗೆ ಹಿಡಿಯಿತು. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಎಲ್ಲರನ್ನೂ ಒಂದೇ ಸಲ ಸಾಗಿಸಿದ್ದರಿಂದ ಹಿಂದೆ ಹೋಗುವ ದಾರಿ ಉಳಿದಿರಲಿಲ್ಲ.

ಬೇರೆ ದಾರಿ ಇದೆ. ಮಲೆನಾಡಿನ ಕಡೆ ದೊಡ್ಡ ಮರದ ಕೊಂಬೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಆಲದ ಜಾತಿಯ ಗಿಡ ಹುಟ್ಟಿ, ಬೇರು ಇಳಿಸಿ, ವರ್ಷಗಳಲ್ಲಿ ಮೂಲ ಮರವನ್ನೇ ಸುತ್ತಿಕೊಂಡು ಅದರ ಜಾಗದಲ್ಲಿ ನಿಲ್ಲುತ್ತದಲ್ಲ, ಅಂಥ ಮರವನ್ನು ನೋಡಿಯೇ ಮಾರ್ಟಿನ್ ಫೌಲರ್ 2004ರಲ್ಲಿ ಈ ಪದ್ಧತಿಗೆ ಸ್ಟ್ರಾಂಗ್ಲರ್ (ಕತ್ತು ಹಿಸುಕುವಂಥದ್ದು) ಅಂತ ಹೆಸರಿಟ್ಟರು. ಹಳೇ ಸಿಸ್ಟಮ್ ಮುಂದೆ ಒಂದು ಗೇಟ್‌ವೇ ನಿಲ್ಲಿಸಿ. ಒಂದು ಚಿಕ್ಕ ಕೆಲಸ ಆಯ್ದು ಹೊಸದಾಗಿ ಬರೆದು, ಆ ಕರೆಗಳನ್ನು ಮಾತ್ರ ಹೊಸದಕ್ಕೆ ತಿರುಗಿಸಿ. ತಪ್ಪಿದರೆ ವಾಪಸ್ ತಿರುಗಿಸಿ. ನಿಲ್ಲುತ್ತದೆ ಅನ್ನಿಸಿದರೆ ಮುಂದಿನದು.

ಇದರಲ್ಲಿ ಕಷ್ಟದ ಭಾಗ ಕೊನೆಯದು: ಹಳೆಯದನ್ನು ನಿಜವಾಗಿ ಬಂದ್ ಮಾಡುವುದು. ನೂರಕ್ಕೆ 80 ಪಾಲು ಸಾಗಿಸಿ ದುಡ್ಡು ಮುಗಿದು, ಎರಡೂ ಸಿಸ್ಟಮ್ ವರ್ಷಗಟ್ಟಲೆ ಓಡುವ ಕಂಪನಿಗಳು ಬೇಕಾದಷ್ಟಿವೆ. ತೆಗೆಯದೆ ಬಿಟ್ಟ ಕೋಡ್ ಸುಮ್ನೆ ಕೂರುವುದಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹಾಕಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಸದ ಹಳೇ ಕೋಡ್ ಹಾಗೇ ಇತ್ತು. ಅದನ್ನು ಎಬ್ಬಿಸುವ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಮರುಬಳಕೆ ಮಾಡಿದ್ದರು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. ಆದ್ದರಿಂದ ಯೋಜನೆಯ ಬಜೆಟ್‌ನಲ್ಲೇ ‘ಹಳೆಯದನ್ನು ತೆಗೆಯುವುದು’ ಅಂತ ಒಂದು ಸಾಲು ಇರಲಿ. ಅದಕ್ಕೆ ದಿನಾಂಕ ಮತ್ತು ಒಬ್ಬರ ಹೆಸರು ಇರಲಿ.

ನಮ್ಮ ಸರ್ವೀಸ್‌ಗಳನ್ನು ಎಷ್ಟು ಚೆನ್ನಾಗಿ ಭಾಗ ಮಾಡಿದ್ರೂ ಮತ್ತೆ ಅದೇ ಗೋಜಲಿಗೆ ಬರುತ್ತೆ. ಯಾಕೆ?

ತಂಡಗಳ ರಚನೆ ಒಮ್ಮೆ ನೋಡಿ. ಸಂಸ್ಥೆಯಲ್ಲಿ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ಸಿಸ್ಟಮ್ ಕೂಡ ಅದೇ ಆಕಾರಕ್ಕೆ ಬರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಭೂಮಿ, ಕಾವೇರಿ, ಮೋಜಿಣಿ ಬೇರೆ ಬೇರೆ ಇರುವುದಕ್ಕೆ ತಾಂತ್ರಿಕ ಕಾರಣ ಹುಡುಕಬೇಡಿ. ಕಂದಾಯ ಇಲಾಖೆ, ನೋಂದಣಿ ಇಲಾಖೆ, ಸರ್ವೆ ಇಲಾಖೆ ಬೇರೆ ಬೇರೆ ಇದ್ದವು. ಭೂಮಿಯನ್ನು ಕಟ್ಟಿದ್ದು ಎನ್‌ಐಸಿ, ಕಾವೇರಿಯನ್ನು ಮೊದಲು ಕಟ್ಟಿದ್ದು ಸಿ-ಡ್ಯಾಕ್, ಎರಡೂ ಬೇರೆ ಬೇರೆ ಸರ್ಕಾರಿ ತಂತ್ರಜ್ಞಾನ ಸಂಸ್ಥೆಗಳು. ಗಡಿ ಕೋಡ್‌ಗಿಂತ ಮೊದಲೇ ಬಿದ್ದಿತ್ತು.

ನಿಮ್ಮ ಕಂಪನಿಯಲ್ಲೂ ಹಾಗೇ. ಪೇಮೆಂಟ್ ಸರ್ವೀಸ್‌ಗೆ ಎರಡು ತಂಡ ಕೈ ಹಾಕುತ್ತಿದ್ದರೆ ಅದರೊಳಗೆ ಎರಡು ಸರ್ವೀಸ್ ಹುಟ್ಟುತ್ತವೆ, ಹೆಸರು ಒಂದೇ ಇದ್ದರೂ. ಒಳ್ಳೆ ಆರ್ಕಿಟೆಕ್ಟ್ ಇಂಥ ಕಡೆ ರೀಫ್ಯಾಕ್ಟರಿಂಗ್ ಬದಲು ತಂಡದ ಹೊಣೆ ಬದಲಿಸಿ ಅಂತ ಹೇಳುತ್ತಾರೆ. ಕೇಳಲು ಸುಲಭ. ಯಾರ ಕೈಕೆಳಗೆ ಎಷ್ಟು ಜನ ಎಂಬ ವಿಷಯಕ್ಕೆ ಬಂದಾಗ ಮ್ಯಾನೇಜರ್‌ಗಳು ಡೇಟಾಬೇಸ್‌ಗಿಂತ ಗಟ್ಟಿಯಾಗಿ ಲಾಕ್ ಹಿಡಿಯುತ್ತಾರೆ.

ನಾವು ಇಪ್ಪತ್ತು ಜನರ ಸ್ಟಾರ್ಟಪ್. ನಮಗೂ ಇದೆಲ್ಲಾ ಬೇಕಾ?

ಬೇಡ. ಮೂರು ಸಣ್ಣ ಅಭ್ಯಾಸ ಸಾಕು: ಬಳಸುವ ಎಲ್ಲ ಸಿಸ್ಟಮ್ ಮತ್ತು ಹೊರಗಿನ ಸೇವೆಗಳ ಒಂದು ಪಟ್ಟಿ, ಪ್ರತಿಯೊಂದರ ಮುಂದೆ ಹೊಣೆಗಾರರ ಹೆಸರು, ದೊಡ್ಡ ತೀರ್ಮಾನಗಳಿಗೆ ಎಡಿಆರ್. ಕಾರ್ಡ್ ಕೊಟ್ಟು ಕೊಂಡ ಸಾಸ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸಾಫ್ಟ್‌ವೇರ್) ಚಂದಾಗಳನ್ನೂ ಪಟ್ಟಿಗೆ ಸೇರಿಸಿ, ಅವು ಯಾರ ಮೇಲ್ ಐಡಿಯಲ್ಲಿವೆ ಅಂತಲೂ ಬರೆಯಿರಿ.

ನಾನು ಎಂಟು ವರ್ಷದಿಂದ ಜಾವಾ ಬರೀತಿದ್ದೀನಿ. ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಆಗೋಕೆ ಎಲ್ಲಿಂದ ಶುರು ಮಾಡ್ಲಿ?

ನಿಮ್ಮ ಸಿಸ್ಟಮ್‌ನ ಗಡಿಯಿಂದ. ನಿಮಗೆ ಡೇಟಾ ಕಳಿಸುವವರು ಯಾರು, ನಿಮ್ಮಿಂದ ಪಡೆಯುವವರು ಯಾರು, ಅವರು ಅದನ್ನು ಏನು ಮಾಡುತ್ತಾರೆ ಅಂತ ಹೋಗಿ ಕೇಳಿ. ಮೀಟಿಂಗ್ ಕರೆಯಬೇಡಿ, ಅವರ ಸೀಟಿನ ಹತ್ತಿರ ಹೋಗಿ ಕೂತು ನೋಡಿ. ಅಕೌಂಟ್ಸ್ ವಿಭಾಗದವರು ನಿಮ್ಮ ವರದಿಯನ್ನು ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ಎರಡು ಕಾಲಂ ಕೈಯಲ್ಲಿ ತಿದ್ದಿ, ಮತ್ತೆ ಬೇರೆ ಸಿಸ್ಟಮ್‌ಗೆ ಅಪ್‌ಲೋಡ್ ಮಾಡುವುದು ಆಗ ಕಾಣುತ್ತದೆ. ಯಾವ ಚಿತ್ರದಲ್ಲೂ ಇಲ್ಲದ ಕೊಂಡಿ ಅದು.

ದುಡ್ಡಿನ ಲೆಕ್ಕ ಕಲಿಯಿರಿ. ನಿಮ್ಮ ಅಪ್ಲಿಕೇಷನ್ ಒಂದು ವರ್ಷ ಓಡಲು ಲೈಸೆನ್ಸ್, ಕ್ಲೌಡ್, ಜನ ಸೇರಿ ಎಷ್ಟಾಗುತ್ತದೆ ಅಂತ ಹೇಳಲು ಬಂದರೆ ಮೀಟಿಂಗ್‌ನಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ‘ಈ ಕೋಡ್ ಗಲೀಜಾಗಿದೆ’ ಅಂದರೆ ಯಾರೂ ಕೇಳುವುದಿಲ್ಲ. ‘ತೆರಿಗೆ ದರ ಆರು ಕಡೆ ಇದೆ, ಪ್ರತಿ ಬದಲಾವಣೆಗೂ ಆರು ತಂಡ ಒಂದು ವಾರ ಕೂರಬೇಕು’ ಅಂದರೆ ಕೇಳುತ್ತಾರೆ.

ಕೋಡ್ ಬರೆಯುವುದನ್ನು ಪೂರ್ತಿ ಬಿಡಬೇಡಿ. ವಾರಕ್ಕೆ ಒಂದು ಪುಲ್ ರಿಕ್ವೆಸ್ಟ್ ಆದರೂ ಓದಿ. ಮೊದಲ ಅಭ್ಯಾಸಕ್ಕೆ ನಿಮ್ಮ ಕಂಪನಿಯಲ್ಲಿ ಗ್ರಾಹಕರ ಫೋನ್ ನಂಬರ್ ಎಷ್ಟು ಡೇಟಾಬೇಸ್‌ನಲ್ಲಿದೆ, ಅದರಲ್ಲಿ ಎಷ್ಟು ಕಡೆ ತಿದ್ದಬಹುದು ಅಂತ ಪಟ್ಟಿ ಮಾಡಿ, ನಿಮ್ಮ ಮ್ಯಾನೇಜರ್‌ಗೆ ತೋರಿಸಿ.